ಪಂಪಿನ ಪುಸ್ತಕದೊಳಗೆ ಮ್ಯಾಕ್ರೊ

ನಮ್ಮ ಆಫೀಸಿನಲ್ಲಿ ನಗುವಂಥದ್ದು ಏನಾದರೂ ಆಗದೆ ಒಂದು ವಾರ ದಾಟುವುದಿಲ್ಲ. ಆಗುವ ಹೊತ್ತಿಗೆ ಮಾತ್ರ ಯಾರೂ ನಗುವುದಿಲ್ಲ, ಎಲ್ಲರ ಮುಖವೂ ಕರೆಂಟು ಹೋದ ಕೋಣೆಯ ಹಾಗಿರುತ್ತದೆ. ನಗು ಬರುವುದು ಆಮೇಲೆ, ಕೆಳಗೆ ಹೋಗಿ ಚಾ ಕುಡಿಯುವಾಗ.

ಕಾಸರಗೋಡು ಪೇಟೆಯಲ್ಲಿ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಟೈಲರ್ ಅಂಗಡಿ, ಅದಕ್ಕೆ ತಾಗಿಕೊಂಡು ಚಾದ ಹೋಟೆಲು. ನಾವು ಮಾಡುವುದು ನೀರಿನ ಪಂಪಿಗೆ ಜೋಡಿಸುವ ಪೆಟ್ಟಿಗೆ. ಟ್ಯಾಂಕಿ ಖಾಲಿಯಾದಾಗ ಅದು ಪಂಪನ್ನು ತಾನಾಗಿ ಚಾಲು ಮಾಡುತ್ತದೆ, ತುಂಬಿದಾಗ ತಾನಾಗಿ ನಿಲ್ಲಿಸುತ್ತದೆ. ನಮ್ಮ ಯಜಮಾನರು ಕಾಞಂಗಾಡಿನ ಕಡೆಯವರು. ಮನೆಮಾತು ಮಲಯಾಳ, ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಪೆಟ್ಟಿಗೆಯ ಒಳಗಿನ ಕೋಡ್ ಬರೆಯುವವರು ಮಂಜೇಶ್ವರದ ಕಡೆಯ ಒಬ್ಬ ಹಿರಿಯ ಎಂಜಿನಿಯರ್. ತುಳು ಮನೆಯವರು, ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಇನ್ನು ಉಳಿದವಳು ನಾನು.

ಈಚೆಗೆ ಎರ್ನಾಕುಳದ ಒಂದು ಕಂಪೆನಿಯವರು ನಮ್ಮ ಪೆಟ್ಟಿಗೆಯನ್ನು ನೋಡಿ ಮೆಚ್ಚಿದರು. ಅವರು ಕಟ್ಟುವ ಫ್ಲಾಟುಗಳಿಗೆಲ್ಲ ಅದನ್ನೇ ಹಾಕಿಸುತ್ತೇವೆ ಎಂದರು. ಆದರೆ ಒಂದು ಷರತ್ತು ಇಟ್ಟರು. ಒಳಗಿನ ಕೋಡನ್ನು ಮುಂದೆ ಅವರೇ ನೋಡಿಕೊಳ್ಳುವುದರಿಂದ, ಅದರಲ್ಲಿ ಯಾವ ಯಾವ ತುಂಡು ಏನೇನು ಮಾಡುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸುವ ಪುಸ್ತಕ ಬೇಕು. ಪುಸ್ತಕ ಸರಿ ಇದ್ದರೆ ಪೆಟ್ಟಿಗೆ ತೆಗೆದುಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ. ನಮ್ಮಂಥ ಸಣ್ಣ ಆಫೀಸಿಗೆ ಆ ಆರ್ಡರ್ ಹೋದರೆ ಬಾಗಿಲು ಹಾಕುವುದೊಂದೇ ಬಾಕಿ. ಇಲ್ಲಿ ಹೇಳುವುದೆಲ್ಲ ಆ ಪುಸ್ತಕ ಮಾಡುವಾಗ ಆದದ್ದು.

ಬರೆಯುವುದು ಯಾರು

ನಾನು ವರ್ಕಾಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಈ ಪುಸ್ತಕದ ಕೆಲಸ ಶುರುವಾದಾಗ ನಾನು ಮನೆಗೆ ಬಂದ ಮೇಲೂ ಅದನ್ನೇ ಯೋಚಿಸುತ್ತ ಕೂರುತ್ತಿದ್ದೆ. ಅಮ್ಮ ಬೀಡಿ ಕಟ್ಟುತ್ತ ಕೇಳಿದರು, "ಅಷ್ಟು ಯೋಚನೆ ಮಾಡುವಂಥದ್ದು ಎಂತ ಕೆಲಸ ಅಲ್ಲಿ?"

"ಪಂಪಿನ ಪೆಟ್ಟಿಗೆಯ ಕೋಡಿಗೆ ಒಂದು ಪುಸ್ತಕ ಮಾಡುವುದು."

"ನೀನು ಬರೆಯುವುದಾ?"

"ಅಲ್ಲ. ಅದಕ್ಕೊಂದು ತಂತ್ರಾಂಶ ಉಂಟು. ಕೋಡನ್ನೂ ಅದರ ಮೇಲೆ ಅಣ್ಣ ಬರೆದಿಟ್ಟ ವಿವರಣೆಯನ್ನೂ ಓದಿ, ಅದೇ ಪುಟ ಪುಟವಾಗಿ ಪುಸ್ತಕ ಮಾಡಿ ಕೊಡ್ತದೆ."

"ಮತ್ತೆ ನೀನು ಮಾಡುವುದೆಂತ?"

"ಅದು ಮಾಡಿದ್ದು ಯಾಕೆ ತಪ್ಪಾಯಿತು ಅಂತ ಹುಡುಕುವುದು."

ಅಮ್ಮ ಕಟ್ಟುತ್ತಿದ್ದ ಬೀಡಿಗೆ ನೂಲು ಸುತ್ತಿ ಬದಿಗಿಟ್ಟರು. "ಅದು ತಪ್ಪು ಮಾಡದಿದ್ದರೆ ನಿನಗಲ್ಲಿ ಕೆಲಸ ಇಲ್ಲ ಅಂತಾಯಿತು."

"ಹೌದು, ಹಾಗೇ."

"ಹಾಗಾದರೆ ಅದನ್ನು ಜಾಸ್ತಿ ಸರಿ ಮಾಡಲಿಕ್ಕೆ ಹೋಗಬೇಡ," ಎಂದರು ಅಮ್ಮ.

ಮಾಮೂಲು

ಮೊದಲ ಸಲ ತಂತ್ರಾಂಶ ಓಡಿಸಿ ಪುಸ್ತಕ ಬಂದಾಗ ನನಗೆ ಖುಷಿಯೋ ಖುಷಿ. ಕೋಡಿನಲ್ಲಿ ಒಂದೊಂದು ಕೆಲಸಕ್ಕೆ ಬರೆದ ಒಂದೊಂದು ತುಂಡಿಗೆ ಫಂಕ್ಷನ್ ಎನ್ನುತ್ತಾರೆ, ಅದರಿಂದ ಕೆಲಸ ಮಾಡಿಸುವುದಕ್ಕೆ ಫಂಕ್ಷನ್ನನ್ನು ಕರೆಯುವುದು ಎನ್ನುತ್ತಾರೆ. ಪ್ರತಿ ಫಂಕ್ಷನ್ನಿಗೂ ಒಂದು ಹೆಸರು, ಒಂದು ವಿವರಣೆ ಬರಬೇಕು. ತೆರೆದು ನೋಡಿದರೆ ಮೊದಲನೆಯ ಫಂಕ್ಷನ್ನಿನ ಹೆಸರು ‘ಕೆಲಸ’. ಎರಡನೆಯದರ ಹೆಸರು ‘ಕೆಲಸ’. ಮೂರನೆಯದೂ ಅದೇ. ಕೊನೆಯ ಪುಟದವರೆಗೆ ಬೇರೆ ಹೆಸರೇ ಇಲ್ಲ.

ಯಜಮಾನರು ನನ್ನ ಹಿಂದೆ ನಿಂತು ನೋಡಿದರು. ಇಂಗ್ಲಿಷ್ ಅಕ್ಷರಗಳಲ್ಲಿದ್ದ ಕಾರಣ ಅವರಿಗೂ ಓದಲು ಬಂತು. "ನಮ್ಮ ಆಫೀಸಿನಲ್ಲಿ ಇಷ್ಟು ಕೆಲಸ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ," ಎಂದು ಹೇಳಿ ತಮ್ಮ ಕೋಣೆಗೆ ಹೋದರು.

ನಾನು ಅಣ್ಣನ ಹತ್ತಿರ ಹೋದೆ. ಅವರು ಪರದೆ ನೋಡಿ, "ಓ, ಅದು ನನ್ನ ಮ್ಯಾಕ್ರೊ," ಎಂದರು.

"ಮ್ಯಾಕ್ರೊ ಅಂದರೆ ಸರಿಯಾಗಿ ಎಂತ ಅಣ್ಣ? ಕ್ಲಾಸಿನಲ್ಲಿ ಹೇಳಿದ್ದರು, ಪರೀಕ್ಷೆಗೆ ಬರೆದಿದ್ದೆ, ಆದರೆ ನಿಜವಾಗಿ ನನಗೆ ಹೊಳೆದದ್ದಲ್ಲ."

"ಬಾ, ಚಾ ಕುಡಿಯುವ. ಅಲ್ಲಿಯೇ ತೋರಿಸ್ತೇನೆ."

ಹೋಟೆಲಿನಲ್ಲಿ ಕೂತ ಮೇಲೆ ಅಣ್ಣ ಮೆಲ್ಲ ಹೇಳಿದರು, "ಈಗ ನೋಡು. ನಾನು ಇಲ್ಲಿ ದಿನಾ ಬಂದು ‘ಮಾಮೂಲು’ ಅಂತ ಮಾತ್ರ ಹೇಳ್ತೇನೆ. ಅದನ್ನು ಕೇಳಿದವ ಒಳಗೆ ಹೋಗಿ, ಹಾಲೂ ಸಕ್ಕರೆಯೂ ಇಲ್ಲದ ಕಟ್ಟನ್ ಚಾಯ, ಹಿಟ್ಟಿನಲ್ಲಿ ಅದ್ದಿ ಕರಿದ ನೇಂದ್ರ ಬಾಳೆಹಣ್ಣಿನ ಪೋಡಿ, ಒಂದು ಲೋಟ ಬಿಸಿನೀರು ತಂದಿಡ್ತಾನೆ. ಅಷ್ಟುದ್ದ ಹೇಳುವ ಬದಲು ಒಂದೇ ಶಬ್ದ. ಆ ಶಬ್ದವೇ ಮ್ಯಾಕ್ರೊ. ಕೋಡಿನಲ್ಲಿಯೂ ಹಾಗೆ. ನಾನು ಚಿಕ್ಕದಾಗಿ ಬರೆದದ್ದನ್ನು ಕಂಪ್ಯೂಟರ್ ಮೊದಲು ಉದ್ದಕ್ಕೆ ಬಿಡಿಸಿಕೊಂಡು, ಆಮೇಲೆ ಓದ್ತದೆ."

ಅಷ್ಟರಲ್ಲಿ ಚಾ ಕೊಡುವವ ಬಂದ. ಅಣ್ಣ ನನ್ನ ಕಡೆ ಒಮ್ಮೆ ನೋಡಿ, ಅವನಿಗೆ ಗಟ್ಟಿಯಾಗಿ ಹೇಳಿದರು, "ಮಾಮೂಲು."

ಅವನು ಆ ದಿನವೇ ಕೆಲಸಕ್ಕೆ ಸೇರಿದವನಂತೆ, ನಮಗೆ ಗೊತ್ತಿರಲಿಲ್ಲ. ಗಾಜಿನ ಕಪಾಟಿನ ಕಡೆ ಕತ್ತು ಉದ್ದ ಮಾಡಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ, "ಮಾಮೂಲು ಮುಗಿಯಿತು ಸರ್. ಪೊರೋಟ ಉಂಟು."

ಅಣ್ಣನ ಮುಖ ಸಣ್ಣದಾಯಿತು. ನನಗೆ ಮಾತ್ರ ಆ ಕ್ಷಣ ಎಲ್ಲ ಹೊಳೆಯಿತು. ನಮ್ಮ ತಂತ್ರಾಂಶವೂ ಮಾಡಿದ್ದು ಅದನ್ನೇ. ‘ಕೆಲಸ’ ಎಂಬುದನ್ನು ಬಿಡಿಸಬೇಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಅಣ್ಣ ಪ್ರತಿ ಫಂಕ್ಷನ್ನಿನ ತಲೆಗೆ ಆ ಮ್ಯಾಕ್ರೊ ಹಾಕಿ, ಅದರ ಮುಂದೆ ಆವರಣದೊಳಗೆ ನಿಜವಾದ ಹೆಸರು ಬರೆದಿದ್ದರು. ತಂತ್ರಾಂಶ ಹೊರಗೆ ಕಂಡದ್ದನ್ನೇ ಹೆಸರು ಎಂದು ತಿಳಿದಿತ್ತು.

"ಅಣ್ಣ, ನನಗೆ ಅರ್ಥ ಆಯಿತು," ಎಂದೆ.

"ನಿನಗೆ ಅರ್ಥ ಆಯಿತು," ಎಂದರು ಅಣ್ಣ ಪೊರೋಟ ಹರಿಯುತ್ತ, "ನನಗೆ ಪೋಡಿ ಹೋಯಿತು."

ನಿಲ್ಲಿಸಿದ ಪಂಪು

ಮೇಲೆ ಬಂದವಳೇ ನಾನು ತಂತ್ರಾಂಶದ ಸೆಟ್ಟಿಂಗ್ ತೆರೆದು, ಮ್ಯಾಕ್ರೊಗಳನ್ನು ಬಿಡಿಸು ಎಂದು ಹೇಳಿದೆ. ಯಾವುದನ್ನು ಬಿಡಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳಲಿಲ್ಲ. ಅದು ಸಿಕ್ಕಿದ್ದನ್ನೆಲ್ಲ ಬಿಡಿಸಿತು. ಫಂಕ್ಷನ್ನುಗಳಿಗೆ ಅವುಗಳ ಹೆಸರು ಬಂತು, ಸರಿ. ಆದರೆ ಇದ್ದ ಬೇರೆ ಹೆಸರುಗಳೆಲ್ಲ ಮಾಯವಾಗಿ ಅಲ್ಲೆಲ್ಲ ಬರೀ ಅಂಕೆಗಳು ಕೂತವು.

ಯಜಮಾನರಿಗೆ ಪುಸ್ತಕ ನೋಡುವ ಉತ್ಸಾಹ ಬಂದದ್ದು ಅವತ್ತೇ. ನಾನೂ ಅಣ್ಣನೂ ಊಟಕ್ಕೆ ಹೋಗಿದ್ದೆವು. ಪುಸ್ತಕದಲ್ಲಿ ‘ಪಂಪು ಚಾಲು ಮಾಡುವ ಸಂಕೇತ’ ಎಂಬುದರ ಎದುರು ಸೊನ್ನೆ ಎಂದು ಇತ್ತು, ‘ನಿಲ್ಲಿಸುವ ಸಂಕೇತ’ದ ಎದುರು ಒಂದು ಎಂದು ಇತ್ತು. ಯಜಮಾನರು ಯೋಚಿಸಿದರು. ಸೊನ್ನೆ ಎಂದರೆ ಇಲ್ಲ, ಒಂದು ಎಂದರೆ ಉಂಟು. ಇದು ತಲೆಕೆಳಗಾಗಿದೆ. ಎರ್ನಾಕುಳದವರ ಕಣ್ಣಿಗೆ ಬೀಳುವ ಮೊದಲು ಸರಿಯಾಗಲಿ ಎಂದು ಅವರೇ ಕೋಡ್ ತೆರೆದು ಎರಡನ್ನೂ ಅದಲುಬದಲು ಮಾಡಿದರು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಮ್ಮ ಕಟ್ಟಡದ ಟ್ಯಾಂಕಿಗೇ ಒಂದು ಪೆಟ್ಟಿಗೆ ಪರೀಕ್ಷೆಗೆಂದು ಜೋಡಿಸಿದ್ದೇವೆ. ಹೊಸ ಕೋಡನ್ನು ಅದಕ್ಕೂ ತುಂಬಿಸಿದರು.

ನಾವು ಊಟ ಮುಗಿಸಿ ಬರುವಾಗ ಕಟ್ಟಡದ ಮೇಲಿನಿಂದ ನೀರು ಸುರಿಯುತ್ತಿತ್ತು. ಆಕಾಶದಲ್ಲಿ ಮೋಡವೇ ಇಲ್ಲ. ಟೈಲರ್ ಅಂಗಡಿಯ ಎದುರು, ಗಿರಾಕಿಗಳಿಗೆ ಕಾಣಲಿ ಎಂದು ನೇತುಹಾಕಿದ ಚೂಡಿದಾರುಗಳು ತೊಪ್ಪೆಯಾಗಿದ್ದವು. ಟೈಲರ್ ಅವುಗಳಲ್ಲಿ ಒಂದನ್ನು ಹಿಂಡುತ್ತ ನಮ್ಮ ಜೊತೆಗೇ ಮೆಟ್ಟಿಲು ಹತ್ತಿದರು. ಅವರು ಸಿಟ್ಟು ಮಾಡುವ ಜನ ಅಲ್ಲ. ಒದ್ದೆ ಬಟ್ಟೆಯನ್ನು ಯಜಮಾನರ ಮೇಜಿನ ಅಂಚಿಗೆ ಇಟ್ಟು ಕೇಳಿದರು, "ಪಂಪು ನಿಲ್ಲುವುದಿಲ್ಲವಾ?"

ಯಜಮಾನರು ಗಾಬರಿಯಲ್ಲಿ ಕಂಪ್ಯೂಟರಿನ ಗುಂಡಿಗಳನ್ನು ಒತ್ತುತ್ತಿದ್ದರು. "ನಿಲ್ಲಿಸಿ ಆಯಿತು. ಆಗಿನಿಂದ ನಿಲ್ಲಿಸುತ್ತಲೇ ಇದ್ದೇನೆ," ಎಂದರು.

ಟೈಲರ್ ಕಿಟಕಿಯ ಹೊರಗೆ ಬೀಳುವ ನೀರನ್ನು ಒಮ್ಮೆ ನೋಡಿ ಹೇಳಿದರು, "ಹಾಗಾದರೆ ದಯಮಾಡಿ ಒಮ್ಮೆ ಚಾಲು ಮಾಡಿ."

ಯಜಮಾನರು ಚಾಲು ಮಾಡಿದರು. ಪಂಪು ನಿಂತಿತು.

ಆಮೇಲೆ ಅಣ್ಣ ವಿವರಿಸಿದರು. ಪಂಪಿನ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು, ಅಂದರೆ ನಾವು ಬಳಸುವ ರಿಲೇ, ಇರುವುದೇ ಉಲ್ಟಾ. ಅದಕ್ಕೆ ಸೊನ್ನೆ ಕೊಟ್ಟರೆ ಪಂಪು ಚಾಲು, ಒಂದು ಕೊಟ್ಟರೆ ಬಂದ್. "ಅದನ್ನು ಯಾರೂ ನೆನಪಿಟ್ಟುಕೊಳ್ಳುವುದು ಬೇಡ, ಯಾರಿಗೂ ತಲೆಬಿಸಿ ಆಗುವುದು ಬೇಡ ಅಂತ ನಾನು ಆ ಅಂಕೆಗಳಿಗೆ ಆನ್, ಆಫ್ ಅಂತ ಮ್ಯಾಕ್ರೊ ಹೆಸರು ಕೊಟ್ಟದ್ದು. ನೀನು ಅದನ್ನೂ ಬಿಡಿಸಿಬಿಟ್ಟೆ."

ಹಾಗೆ ಆ ತಂತ್ರಾಂಶದ ಇನ್ನೊಂದು ಗುಣ ನನಗೆ ಗೊತ್ತಾಯಿತು. ಇಂಥಿಂಥ ಮ್ಯಾಕ್ರೊಗಳನ್ನು ಮಾತ್ರ ಬಿಡಿಸು, ಉಳಿದದ್ದನ್ನು ಮುಟ್ಟಬೇಡ ಎಂದು ಅದಕ್ಕೆ ಹೆಸರು ಹಿಡಿದು ಹೇಳಬಹುದು. ಹಾಗೆ ಮಾಡಿದೆ. ಟೈಲರ್ ಮಾತ್ರ ಇವತ್ತಿಗೂ ನಮ್ಮ ಯಜಮಾನರನ್ನು ಕಂಡರೆ ಮೊದಲು ತಲೆ ಎತ್ತಿ ಮೇಲೆ ನೋಡಿ, ಆಮೇಲೆ ನಮಸ್ಕಾರ ಹೇಳುತ್ತಾರೆ.

ಯಜಮಾನರ ಸಂಗೀತ

ಸರಿಯಾಯಿತು ಎಂದು ನಂಬಿ ಪುಸ್ತಕವನ್ನು ಎರ್ನಾಕುಳಕ್ಕೆ ಕಳಿಸಿದೆವು. ಅಲ್ಲಿ ಅದನ್ನು ಓದಿ ನೋಡುವವರು ಒಬ್ಬ ಎಂಜಿನಿಯರ್ ಮೇಡಂ. ನಾವು ಅವರನ್ನು ಆವರೆಗೆ ನೋಡಿರಲಿಲ್ಲ, ಫೋನಿನಲ್ಲಿ ಸ್ವರ ಮಾತ್ರ ಗೊತ್ತು. ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ನಾನು ಅವರ ಜೊತೆ ನನಗೆ ಬರುವ ಮಲಯಾಳದಲ್ಲಿಯೇ ಮಾತಾಡುತ್ತಿದ್ದೆ.

ಮರುದಿನವೇ ಫೋನು ಬಂತು. "ತುರ್ತು ನಿಲುಗಡೆ ಅಂತ ಒಂದು ಫಂಕ್ಷನ್ ಇದೆಯಲ್ಲ, ಅಪಾಯ ಬಂದಾಗ ಪಂಪನ್ನು ತಟ್ಟನೆ ನಿಲ್ಲಿಸುವುದು. ಅದರ ವಿವರಣೆ ನೀವು ಓದಿದ್ದೀರಾ?"

ನಾನು ಪುಟ ತೆರೆದೆ. ‘ತುರ್ತು ನಿಲುಗಡೆ’ಯ ಕೆಳಗೆ ಹೀಗೆ ಬರೆದಿತ್ತು: ‘ಇದು ಇಲ್ಲದಿದ್ದರೂ ಯಾವ ತೊಂದರೆಯೂ ಇಲ್ಲ. ಯಜಮಾನರು ಹಟ ಹಿಡಿದ ಕಾರಣ ಇಟ್ಟದ್ದು. ಕೇಳುವವರಿಗೆ ತಲೆನೋವು.’

ಸರಿ ಮಾಡಿ ಕಳಿಸುತ್ತೇವೆ ಎಂದು ಹೇಳಿ ಫೋನು ಇಟ್ಟು, ಕೋಡ್ ತೆರೆದು ಅಣ್ಣನನ್ನು ಕರೆದೆ. ಇದು ಹೇಗೆ ಆಯಿತು ಎಂದು ನನಗೆ ಸಿಟ್ಟಿಗಿಂತ ಹೆಚ್ಚು ಕುತೂಹಲ. ಹುಡುಕಿದರೆ ವಿಷಯ ಇಷ್ಟೇ. ಪೆಟ್ಟಿಗೆಗೆ ಕರೆಂಟು ಬಂದಾಗ ಒಂದು ಸಣ್ಣ ರಾಗ ನುಡಿಯಬೇಕು ಎಂದು ಯಜಮಾನರಿಗೆ ಆಸೆ ಇತ್ತು. ಅಣ್ಣ ಆ ರಾಗಕ್ಕೆ ಒಂದು ಮ್ಯಾಕ್ರೊ ಮಾಡಿ, ಅದರ ಮೇಲೆ ತಮಗೆ ಅನಿಸಿದ್ದನ್ನು ವಿವರಣೆಯಾಗಿ ಬರೆದಿದ್ದರು. ನಮ್ಮ ತಂತ್ರಾಂಶಕ್ಕೆ ಒಂದು ಅಭ್ಯಾಸ ಉಂಟು. ಒಂದು ಸಾಲಿನಲ್ಲಿ ಬರೀ ದೊಡ್ಡ ಅಕ್ಷರಗಳ ಮ್ಯಾಕ್ರೊ ಒಂದೇ ಇದ್ದು, ಕೊನೆಗೆ ಅರ್ಧವಿರಾಮದ ಚಿಹ್ನೆ ಇಲ್ಲದಿದ್ದರೆ, ಇದು ಲೆಕ್ಕಕ್ಕಿಲ್ಲ ಎಂದು ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಮ್ಯಾಕ್ರೊವನ್ನು ಬಿಟ್ಟಿತು, ಅದರ ಮೇಲಿನ ವಿವರಣೆಯನ್ನು ಬಿಡಲಿಲ್ಲ. ಯಾರದ್ದೂ ಅಲ್ಲದ ಆ ವಿವರಣೆಯನ್ನು ಕೆಳಗೆ ಸಿಕ್ಕಿದ ಮೊದಲ ಫಂಕ್ಷನ್ನಿಗೆ ಅಂಟಿಸಿತು. ಅಲ್ಲಿ ಇದ್ದದ್ದು ತುರ್ತು ನಿಲುಗಡೆ.

ಅಣ್ಣ ತಲೆ ತುರಿಸಿಕೊಂಡರು. "ಹೇಗಿದ್ದರೂ ಯಾರೂ ಓದುವುದಿಲ್ಲ ಅಂತ ಬರೆದದ್ದು."

ಹಿಂದೆ ಯಜಮಾನರು ನಿಂತದ್ದು ನಮಗೆ ಗೊತ್ತಾಗಲಿಲ್ಲ. ವಿವರಣೆಯನ್ನು ಬರೆದದ್ದು ಇಂಗ್ಲಿಷಿನಲ್ಲಿ. ಅವರು ಅದನ್ನು ಮೆಲ್ಲನೆ ಓದಿ, ಇನ್ನೊಮ್ಮೆ ಓದಿದರು. ನಾನು ಅವಸರದಲ್ಲಿ ಹೇಳಿದೆ, "ಸರ್, ತುರ್ತು ನಿಲುಗಡೆಯ ವಿವರಣೆ ಈಗಲೇ ಸರಿ ಮಾಡ್ತೇನೆ. ಇದು ನಿಜವಾಗಿ ರಾಗದ ವಿವರಣೆ, ತಪ್ಪಿ ಇಲ್ಲಿ ಬಂದದ್ದು."

ಅವರು ಕುರ್ಚಿ ಎಳೆದು ಕೂತರು. "ತುರ್ತಿನದ್ದು ಆಮೇಲೆ ನೋಡುವ," ಎಂದರು ಅಣ್ಣನಿಗೆ. "ಆ ರಾಗ ಅಷ್ಟು ಕೆಟ್ಟದಾಗಿ ಉಂಟಾ?"

ಭಾವಿ

ಅದು ಸರಿಯಾಗಿ ವಾರ ಕಳೆದಿರಲಿಲ್ಲ, ಮೇಡಂ ಪುನಃ ಫೋನು ಮಾಡಿದರು. ಈ ಸಲ ಸ್ವರವೇ ಬೇರೆ. ಬಾವಿಯಲ್ಲಿ ನೀರು ಬತ್ತಿದಾಗ ಪಂಪು ಬರಿದೇ ಓಡಿದರೆ ಮೋಟಾರು ಸುಟ್ಟುಹೋಗುತ್ತದೆ. ಹಾಗಾಗದಂತೆ ತಡೆಯುವ ವ್ಯವಸ್ಥೆ ನಿಮ್ಮ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅದು ಇಲ್ಲದ ಪೆಟ್ಟಿಗೆ ನಮಗೆ ಬೇಡ. ಹೀಗೆಂದು ಹೇಳಿ ಇಟ್ಟರು.

ನಾನು ಅಣ್ಣನ ಹತ್ತಿರ ಓಡಿದೆ. ಅವರು ಕೂತಲ್ಲಿಂದ ಏಳಲೇ ಇಲ್ಲ. "ಅದು ಇಲ್ಲ ಅಂತ ಯಾರು ಹೇಳಿದ್ದು? ನಾನು ಮೊದಲು ಬರೆದದ್ದೇ ಅದು. ನಿನ್ನೆಯೂ ಪರೀಕ್ಷೆ ಮಾಡಿದ್ದೇನೆ."

ಅವರು ತೋರಿಸಿದರು. ಕೋಡಿನಲ್ಲಿ ಉಂಟು. ಚೆನ್ನಾಗಿಯೇ ಉಂಟು. ಪುಸ್ತಕದಲ್ಲಿ ಮಾತ್ರ ಇಲ್ಲ. ಇದು ನನ್ನನ್ನು ಬಹಳ ಕಾಡಿತು. ಹೆಸರು ತಪ್ಪಾಗುವುದು ಸರಿ, ವಿವರಣೆ ಪಕ್ಕಕ್ಕೆ ಹೋಗುವುದೂ ಸರಿ, ಇದ್ದ ಪುಟಗಳಿಗೆ ಪುಟಗಳೇ ಹೇಗೆ ಇಲ್ಲವಾಗುತ್ತವೆ?

ಮಧ್ಯಾಹ್ನದ ತನಕ ಹುಡುಕಿದ ಮೇಲೆ ಸಿಕ್ಕಿತು. ನಮ್ಮ ಪೆಟ್ಟಿಗೆ ಬಾವಿಗೂ ಆಗುತ್ತದೆ, ನಲ್ಲಿಯ ನೀರು ತುಂಬುವ ತೊಟ್ಟಿಗೂ ಆಗುತ್ತದೆ. ಬತ್ತುವ ಪ್ರಶ್ನೆ ಬರುವುದು ಬಾವಿಯಲ್ಲಿ. ಹಾಗಾಗಿ ಅಣ್ಣ ಆ ಕೋಡಿನ ಮೇಲೆ ಒಂದು ಷರತ್ತು ಹಾಕಿದ್ದರು. ‘ಬಾವಿ’ ಎಂಬ ಮ್ಯಾಕ್ರೊ ಇದ್ದರೆ ಮಾತ್ರ ಮುಂದಿನದ್ದನ್ನು ಓದು, ಇಲ್ಲದಿದ್ದರೆ ಹಾರಿ ಮುಂದೆ ಹೋಗು. ಬಾವಿಯ ಪೆಟ್ಟಿಗೆ ತಯಾರಿಸುವಾಗ ಅಣ್ಣ ಆ ಮ್ಯಾಕ್ರೊವನ್ನು ಕೊಡುತ್ತಾರೆ. ಪುಸ್ತಕ ತಯಾರಿಸುವಾಗ ನಾನು ಕೊಟ್ಟಿರಲಿಲ್ಲ. ತಂತ್ರಾಂಶ ಹೇಳಿದ ಹಾಗೆ ಕೇಳಿ, ಹಾರಿ ಮುಂದೆ ಹೋಗಿತ್ತು.

ಸೆಟ್ಟಿಂಗಿನಲ್ಲಿ ಆ ಮ್ಯಾಕ್ರೊದ ಹೆಸರು ಸೇರಿಸಿದ ಕೂಡಲೇ ಪುಟಗಳೆಲ್ಲ ಬಂದವು. ಆ ಭಾಗದ ಕೋಡನ್ನೂ ಜೊತೆಗಿಟ್ಟು ಮೇಡಂಗೆ ಕಳಿಸಿ, ಫೋನು ಮಾಡಿದೆ. ಅವರು ಅಲ್ಲಿಯೇ ತೆರೆದು ನೋಡಿದರು.

"ಒಳ್ಳೆಯದಿದೆ," ಎಂದರು ಕೊನೆಗೆ. "ಆದರೆ ಇದು ನಮಗೆ ಈಗಲೇ ಬೇಕು. ಮುಂದೆ ಯಾವಾಗಲೋ ಮಾಡುತ್ತೇವೆ ಅಂದರೆ ಆಗುವುದಿಲ್ಲ."

"ಮೇಡಂ, ಈಗಲೇ ಉಂಟು."

"ಇಲ್ಲಿ ನೀವೇ ಬರೆದಿದ್ದೀರಲ್ಲ, ಭವಿಷ್ಯದಲ್ಲಿ ಮಾತ್ರ ಅಂತ."

ನಾನು ಪರದೆಯನ್ನು ದಿಟ್ಟಿಸಿದೆ. ಅಣ್ಣ ‘ಬಾವಿ’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ, ನಮ್ಮಲ್ಲಿ ಬಹಳ ಜನ ಬರೆಯುವ ಹಾಗೆ, ಬಿ ಅಕ್ಷರದ ಮುಂದೆ ಒಂದು ಎಚ್ ಸೇರಿಸಿದ್ದರು. ಓದಿದರೆ ‘ಭಾವಿ’. ಮಲಯಾಳದಲ್ಲಿ ಬಾವಿಗೆ ಕಿಣರು ಎನ್ನುತ್ತಾರೆ. ಭಾವಿ ಎಂದರೆ ಅವರಿಗೆ ಒಂದೇ ಅರ್ಥ, ಮುಂದೆ ಬರುವ ಕಾಲ. ಷರತ್ತನ್ನು ಅವರು ಓದಿದ್ದು ಹೀಗೆ: ಭವಿಷ್ಯ ಬಂದರೆ ಮಾತ್ರ ಮೋಟಾರು ಸುಡದಂತೆ ತಡೆಯಲಾಗುವುದು.

ವಿವರಿಸಿ ಹೇಳಿದೆ. ಮೇಡಂ ಮೊದಲ ಸಲ ನಕ್ಕರು. ನನಗೂ ಹೋದ ಜೀವ ಬಂತು. ಈ ಸಂಗತಿಯನ್ನು ಹೇಳಲು ಯಜಮಾನರ ಕೋಣೆಗೆ ಹೋದೆ, ಅಣ್ಣನೂ ಬಂದರು. ಎರ್ನಾಕುಳದವರು ಬಾವಿಯನ್ನು ಭವಿಷ್ಯ ಎಂದು ತಿಳಿದರಂತೆ ಎಂದು ನಾನು ನಗುತ್ತ ಹೇಳಿದೆ.

ಯಜಮಾನರು ನಗಲಿಲ್ಲ. "ಅದು ಭವಿಷ್ಯ ಅಲ್ಲವಾ?" ಎಂದು ಕೇಳಿದರು.

ಅಣ್ಣ ನನ್ನ ಕಡೆ ತಿರುಗಿದರು.

"ನಾನು ಕೋಡಿನಲ್ಲಿ ಅದನ್ನು ಯಾವಾಗಲೋ ನೋಡಿದ್ದೆ," ಎಂದರು ಅವರು. "ಅವತ್ತಿನಿಂದ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದೇನೆ, ಆ ವ್ಯವಸ್ಥೆ ಇನ್ನೂ ಆಗಿಲ್ಲ, ನಮ್ಮ ಎಂಜಿನಿಯರ್ ಸ್ವಲ್ಪ ನಿಧಾನ ಅಂತ."

ಮಾರಾರ್ ಎಲ್ಲಿದ್ದಾರೆ

ಕೊನೆಗೆ ಒಪ್ಪಿಗೆ ಕೊಡುವ ಮೊದಲು ಮೇಡಂ ತಾವೇ ಬಂದು ನೋಡುತ್ತೇನೆ ಎಂದರು. ಬೆಳಗ್ಗಿನ ರೈಲು ಹತ್ತಿ ಕಾಸರಗೋಡಿಗೆ ಬಂದು ಇಳಿದರು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿ ಸ್ಟೇಷನ್ನಿಗೆ ಹೋಗಿ ಕರಕೊಂಡು ಬಂದರು. ಅಣ್ಣ ಒಂದು ರಿಲೇ ತರಲೆಂದು ಪೇಟೆಗೆ ಹೋದವರು ಇನ್ನೂ ಬಂದಿರಲಿಲ್ಲ. ಮೇಡಂ ನಾನು ಎಣಿಸಿದ್ದಕ್ಕಿಂತ ಸಣ್ಣ ಪ್ರಾಯದವರು. ಕೂತವರೇ ಬ್ಯಾಗಿನಿಂದ ಮುದ್ರಿಸಿದ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟರು.

"ಪುಸ್ತಕ ಪೂರ್ತಿ ಓದಿದೆ," ಎಂದರು. "ಪೆಟ್ಟಿಗೆಯ ಬಗ್ಗೆ ನನಗೆ ಸಂಶಯ ಇಲ್ಲ. ಒಬ್ಬರನ್ನು ನೋಡಬೇಕಿತ್ತು. ನಿಮ್ಮ ಮಾರಾರ್ ಎಲ್ಲಿದ್ದಾರೆ?"

ಯಜಮಾನರು ನನ್ನನ್ನು ನೋಡಿದರು. ನಾನು ಯಜಮಾನರನ್ನು ನೋಡಿದೆ. ಮಾರಾರ್ ಎಂಬ ಹೆಸರಿನವರು ಕೇರಳದಲ್ಲಿ ಎಲ್ಲ ಕಡೆ ಇದ್ದಾರೆ. ನಮ್ಮ ಆಫೀಸಿನಲ್ಲಿ ಇಲ್ಲ.

"ಯಾವ ಮಾರಾರ್ ಮೇಡಂ?"

"ಎಲ್ಲ ಫಂಕ್ಷನ್ನಿನ ಎದುರೂ ಅವರ ಹೆಸರಿದೆಯಲ್ಲ. ಟೈಪ್ ಮಾಡುವಾಗ ಅಕ್ಷರ ಸ್ವಲ್ಪ ತಪ್ಪಿರಬೇಕು. ಇಷ್ಟನ್ನು ಒಬ್ಬರೇ ಬರೆದರು ಅಂದರೆ ಅವರೊಡನೆ ಮಾತಾಡದೆ ನಾನು ಸಹಿ ಹಾಕುವುದು ಸರಿಯಲ್ಲ. ನಾಳೆ ಏನಾದರೂ ಆದರೆ ಕೇಳುವುದು ಅವರನ್ನೇ ತಾನೆ."

ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. ನೋಡಿದೆ. ಟ್ಯಾಂಕಿಯ ಮಟ್ಟ ಓದುವ ಫಂಕ್ಷನ್ನಿನ ಎಡಗಡೆ, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ‘ಮಾರಾಯ’. ಕರೆಂಟಿನ ಒತ್ತಡ ನೋಡುವ ಫಂಕ್ಷನ್ನಿಗೂ ‘ಮಾರಾಯ’. ಇನ್ನು ಕೆಲವಕ್ಕೆ ‘ಮಾರ್ರೆ’. ಪ್ರತಿ ಪುಟದಲ್ಲಿಯೂ ಉಂಟು. ಇಷ್ಟು ದಿನ ಆ ಪುಸ್ತಕವನ್ನು ನಾನು ತಿರುಗಿಸಿ ತಿರುಗಿಸಿ ನೋಡಿದ್ದೆ, ನನಗೆ ಅದು ಕಂಡೇ ಇರಲಿಲ್ಲ. ದಿನವಿಡೀ ಕಿವಿಗೆ ಬೀಳುವ ಶಬ್ದ ಕಣ್ಣಿಗೆ ಬಿದ್ದರೆ ಯಾರು ಗಮನಿಸುತ್ತಾರೆ?

ಯಜಮಾನರಿಗೆ ಆರ್ಡರ್ ಕೈತಪ್ಪುವ ಹೆದರಿಕೆ. ಅವರು ನನ್ನ ಕಡೆ ಬಾಗಿ ತಗ್ಗಿದ ಸ್ವರದಲ್ಲಿ ಕನ್ನಡದಲ್ಲಿ ಕೇಳಿದರು, "ಮಾರಾರ್ ರಜೆಯಲ್ಲಿದ್ದಾರೆ ಅಂತ ಹೇಳುವುದಾ?"

"ಬೇಡ ಸರ್," ಎಂದೆ. "ನಾಳೆ ಅವರಿಗೆ ಫೋನು ಕೊಡಿ ಅಂದರೆ ಎಂತ ಮಾಡುವುದು?"

ಅಷ್ಟರಲ್ಲಿ ಅಣ್ಣ ಬೆವರು ಒರೆಸುತ್ತ ಮೆಟ್ಟಿಲು ಹತ್ತಿ ಬಂದರು. ಯಜಮಾನರು ಎದ್ದು ನಿಂತು, "ಮೇಡಂ, ಇವರೇ ಬರೆದದ್ದು," ಎಂದರು. ಹೆಸರು ಹೇಳಲಿಲ್ಲ.

ಮೇಡಂ ಕೈ ಮುಗಿದರು. "ಮಾರಾರ್ ಸರ್, ನಿಮ್ಮದೇ ವಿಷಯ ಮಾತಾಡುತ್ತಿದ್ದೆವು."

ಅಣ್ಣ ಹಿಂದೆ ಯಾರಾದರೂ ಬಂದರೋ ಎಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ. ನಾನು ಪುಸ್ತಕವನ್ನು ಅವರ ಮುಂದೆ ಹಿಡಿದೆ. ಅವರು ಓದಿದರು. ಬಾಯಿಯ ಒಂದು ಬದಿಯಲ್ಲಿ ನಗು ಬಂದು, ಅದನ್ನು ಒಳಗೆ ನುಂಗಿಕೊಂಡು, ಕುರ್ಚಿಯಲ್ಲಿ ಕೂತರು. ಗಲ್ಫಿನಲ್ಲಿ ಕಲಿತ ಮಲಯಾಳ ಅವರದ್ದು, ನನ್ನದಕ್ಕಿಂತ ಚೆನ್ನಾಗಿದೆ.

"ಅದು ಹೆಸರಲ್ಲ ಮೇಡಂ. ಅದೂ ಒಂದು ಮ್ಯಾಕ್ರೊ."

"ಓ," ಎಂದರು ಮೇಡಂ. ಕೂಡಲೇ ಪೆನ್ನು ತೆಗೆದರು. "ಬಿಡಿಸಿದರೆ ಅದು ಏನಾಗುತ್ತದೆ?"

"ಏನೂ ಆಗುವುದಿಲ್ಲ."

"ಅಂದರೆ?"

"ಖಾಲಿ. ಬಿಡಿಸಿದರೆ ಒಳಗೆ ಏನೂ ಇಲ್ಲ."

ಮೇಡಂ ಪುಸ್ತಕದ ಪುಟಗಳನ್ನು ಹೆಬ್ಬೆರಳಿನಲ್ಲಿ ಸರಸರನೆ ಬಿಟ್ಟು ನೋಡಿದರು. ಎಲ್ಲ ಕಡೆ ಮಾರಾಯ. "ಏನೂ ಇಲ್ಲದ್ದನ್ನು ಇಷ್ಟು ಸಲ ಯಾಕೆ ಬರೆದಿದ್ದೀರಿ?"

ಅಣ್ಣ ಸ್ವಲ್ಪ ಯೋಚಿಸಿ ಪ್ರಾಮಾಣಿಕವಾಗಿ ಹೇಳಿದರು, "ಅದಿಲ್ಲದೆ ನಮಗೆ ಮಾತು ಮುಂದೆ ಹೋಗುವುದಿಲ್ಲ."

ನಾನು ಮಧ್ಯೆ ಹೋಗಿ ವಿವರಿಸಿದೆ. ನಮ್ಮ ಊರಿನಲ್ಲಿ ಸಲಿಗೆಯವರೊಡನೆ ಮಾತಾಡುವಾಗ ಮಾರಾಯ ಎನ್ನುತ್ತೇವೆ, ಹೆಂಗಸರಿಗೆ ಮಾರಾಯ್ತಿ, ಮರ್ಯಾದೆ ಕೊಡುವವರಿಗೆ ಮಾರ್ರೆ. ಅರ್ಥ ಕೇಳಿದರೆ ಹೇಳಲು ಬರುವುದಿಲ್ಲ. ಆದರೆ ಒಂದು ದಿನ ಇಲ್ಲಿ ಕೂತರೆ ಎಷ್ಟು ಸಲ ಕೇಳುತ್ತದೆ ಎಂದು ನೋಡಿ. ಕೋಡಿನಲ್ಲಿ ಅದು ಅಣ್ಣ ತಮಗಾಗಿ ಇಟ್ಟುಕೊಂಡ ಗುರುತು ಇರಬೇಕು. ಬಿಡಿಸಬೇಕಾದ ಮ್ಯಾಕ್ರೊಗಳನ್ನು ನಾನು ಹೆಸರು ಹಿಡಿದು ಹೇಳುವಾಗ ಇವೆರಡನ್ನು ಸೇರಿಸಿರಲಿಲ್ಲ. ಹಾಗಾಗಿ ತಂತ್ರಾಂಶ ಅವನ್ನು ಮುಟ್ಟದೆ ಹಾಗೆಯೇ ಪುಸ್ತಕಕ್ಕೆ ಇಳಿಸಿದೆ.

"ಗುರುತು ಅಂದರು ಇವರು," ಎಂದರು ಮೇಡಂ ಅಣ್ಣನಿಗೆ. ಅವರಿಗೆ ಈಗ ನಿಜವಾಗಿಯೂ ತಿಳಿಯುವ ಆಸಕ್ತಿ ಬಂದಿತ್ತು. "ಎರಡು ಯಾಕೆ? ಕೆಲವಕ್ಕೆ ಮಾರಾಯ, ಕೆಲವಕ್ಕೆ ಮಾರ್ರೆ?"

"ಅದು ಬೇಕಂತಲೇ ಮಾಡಿದ್ದು," ಎಂದರು ಅಣ್ಣ. "ಕೋಡಿನ ಒಳಗೆ ನಾವು ನಾವೇ ಕರೆಯುವ ಫಂಕ್ಷನ್ನುಗಳು ಇರ್ತವೆ. ಅವು ಮನೆಯವರ ಹಾಗೆ, ಅವಕ್ಕೆ ಮಾರಾಯ ಸಾಕು. ಇನ್ನು ಕೆಲವನ್ನು ನಿಮ್ಮಂಥ ಹೊರಗಿನವರು ಕರೆಯಬಹುದು. ಅವಕ್ಕೆ ಮಾರ್ರೆ."

ಮೇಡಂ ತಲೆದೂಗಿದರು. ನಾನು ಸೆಟ್ಟಿಂಗಿನಲ್ಲಿ ಆ ಎರಡು ಹೆಸರುಗಳನ್ನು ಸೇರಿಸಿ, ಎದುರು ಏನೂ ಬರೆಯದೆ ಖಾಲಿ ಬಿಟ್ಟು, ಅವರ ಕಣ್ಣೆದುರೇ ತಂತ್ರಾಂಶ ಓಡಿಸಿದೆ. ಹೊಸ ಪುಸ್ತಕ ಬಂತು. ಮಾರಾಯನೂ ಇಲ್ಲ, ಮಾರ್ರೆಯೂ ಇಲ್ಲ. ಮೇಡಂ ಅಲ್ಲಲ್ಲಿ ತೆರೆದು ನೋಡಿ, ಬ್ಯಾಗಿನಿಂದ ಒಪ್ಪಿಗೆಯ ಕಾಗದ ತೆಗೆದು ಸಹಿ ಹಾಕಿದರು. ಯಜಮಾನರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು ಎಂದು ನನಗೆ ಅನಿಸಿತು. ಅಣ್ಣ ಕಿಟಕಿಯ ಹತ್ತಿರ ಹೋಗಿ ನಿಂತು ದೊಡ್ಡ ಉಸಿರು ಬಿಟ್ಟರು.

ಸಂಜೆಯ ರೈಲಿಗೆ ಹೊತ್ತಾಗಿತ್ತು. ಮೇಡಂ ಬ್ಯಾಗು ಹೆಗಲಿಗೇರಿಸಿ ಬಾಗಿಲ ತನಕ ಹೋದವರು, ನಮ್ಮ ಊರಿನ ಮಾತನ್ನು ಒಮ್ಮೆಯಾದರೂ ಆಡಿ ಹೋಗಬೇಕು ಎಂದು ಅನಿಸಿತೋ ಏನೋ, ತಿರುಗಿ ನಿಂತು ಅಣ್ಣನಿಗೆ ಕೈ ಬೀಸಿದರು.

"ಬರುತ್ತೇನೆ ಮಾರಾಯ."

ಯಜಮಾನರು ತಲೆ ತಗ್ಗಿಸಿದರು. ಪ್ರಾಯದಲ್ಲಿ ತಂದೆಯಷ್ಟು ದೊಡ್ಡವರಿಗೆ ಮಾರಾಯ ಎಂದದ್ದನ್ನು ಕೇಳಿ ನಾನು ಅಣ್ಣನ ಮುಖ ನೋಡಿದೆ. ಅವರಿಗೆ ಬೇಸರವೇನೂ ಆಗಿರಲಿಲ್ಲ. ಕೋಡಿನಲ್ಲಿ ತಪ್ಪು ಕಂಡಾಗ ನನಗೆ ಹೇಳುವ ಹಾಗೆಯೇ, ಬಹಳ ನಿಧಾನವಾಗಿ ಅವರಿಗೆ ಹೇಳಿದರು.

"ಮಾರ್ರೆ ಅನ್ನಬೇಕು ಮೇಡಂ. ನೀವು ಹೊರಗಿನಿಂದ ಕರೆಯುವವರು."